ಮದುವೆ ಕ್ಯಾಸೆಟ್ ಕಪ್ಪು-ಬಿಳುಪಾಗಿ ಬರ್ತಿದೆ, ಬಣ್ಣ ಎಲ್ಲಿ ಹೋಯ್ತು?

ಅಘನಾಶಿನಿ ದಂಡೆ:
ಎಲ್ಲರಿಗೂ ನಮಸ್ಕಾರ. ಕುಮಟಾ ಹತ್ತಿರದ ಊರು ನಮ್ಮದು. ಮಳೆಗಾಲ ಶುರುವಾಗುವ ಮುಂಚೆ ಮೆತ್ತು ಖಾಲಿ ಮಾಡೋಣ ಅಂತ ಹತ್ತಿದವನಿಗೆ ಅಕ್ಕನ ಮದುವೆಯ ಎರಡು ವಿಎಚ್‌ಎಸ್ ಕ್ಯಾಸೆಟ್ ಸಿಕ್ಕಿದವು. 1993ರ ಮೇ ತಿಂಗಳ ಮದುವೆ. ಒಂದು ಸ್ಟುಡಿಯೋದವರು ತೆಗೆದದ್ದು, ಇನ್ನೊಂದು ನಮ್ಮ ಮಾವ ಹೆಗಲ ಮೇಲೆ ಕ್ಯಾಮೆರಾ ಹೊತ್ತು ತೆಗೆದದ್ದು. ಭಾವನ ಮನೆಯಲ್ಲಿ ಒಂದು ಹಳೇ ವಿಸಿಆರ್ ಇತ್ತು, ಆ ಕಾಲದಲ್ಲಿ ದುಬೈಯಿಂದ ಬಂದದ್ದು, ಇನ್ನೂ ಓಡುತ್ತದೆ. ಒಂದು ಯುಎಸ್‌ಬಿ ಕ್ಯಾಪ್ಚರ್ ಡಬ್ಬಿ (ಟೇಪಿನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವಂಥದ್ದು) ತರಿಸಿ ಲ್ಯಾಪ್‌ಟಾಪಿಗೆ ಹಾಕಿದೆ.

ಸ್ಟುಡಿಯೋ ಕ್ಯಾಸೆಟ್ ಚೆನ್ನಾಗಿ ಬಣ್ಣದಲ್ಲೇ ಬಂತು. ಮಾವನ ಕ್ಯಾಸೆಟ್ ಹಾಕಿದರೆ ಚಿತ್ರ ಸುಮ್ನೆ ಮೇಲಕ್ಕೆ ಉರುಳ್ತಾ ಇರುತ್ತದೆ. ಸೆಟ್ಟಿಂಗ್‌ನಲ್ಲಿ ಟಿವಿ ಪದ್ಧತಿ ಆರಿಸುವ ಕಡೆ ಪಾಲ್ ಬದಲು ಎನ್‌ಟಿಎಸ್‌ಸಿ ಒತ್ತಿದೆ, ಉರುಳುವುದು ನಿಂತಿತು. ಆದರೆ ಪೂರ್ತಿ ಕಪ್ಪು-ಬಿಳುಪು! ಅಕ್ಕ ಹೇಳ್ತಾಳೆ ಆಗ ಎಲ್ಲರೂ ಬಣ್ಣದಲ್ಲೇ ನೋಡಿದ್ದು ಅಂತ. ಪೇಟೆಯ ಒಂದು ಅಂಗಡಿಯವರು "ಮೂವತ್ತು ವರ್ಷ ದಾಟಿತಲ್ಲ, ಟೇಪಿನ ಬಣ್ಣ ಮಾಸಿದೆ" ಅಂದರು. ಹೌದಾ? ಇನ್ನು ಆಸೆ ಬಿಡಬೇಕಾ?

ಕೋಡಿಬಾಗದವ:
ಮೂವತ್ತು ವರ್ಷ ಆದ್ರೆ ಬಣ್ಣ ಹೋಗದೇ ಇರ್ತದಾ. ನಮ್ಮನೆ ಫೋಟೋಗಳೆಲ್ಲ ಕೆಂಪಗಾಗಿವೆ.

ಶಿರಸಿ ಸೋಲ್ಡರ್:
ಇಲ್ಲ ಮಾರಾಯ್ರೆ, ಅಂಗಡಿಯವರು ತಪ್ಪು ಹೇಳಿದ್ದಾರೆ. ಫೋಟೋದ ಬಣ್ಣ ರಾಸಾಯನಿಕ, ಅದು ಮಾಸುತ್ತದೆ. ವಿಡಿಯೋ ಟೇಪಿನಲ್ಲಿ ಬಣ್ಣ ಅನ್ನುವ ವಸ್ತುವೇ ಇಲ್ಲ. ಅಲ್ಲಿರುವುದು ಕಾಂತದ ಗುರುತು ಮಾತ್ರ. ಟೇಪು ಕೆಟ್ಟರೆ ಗೆರೆ ಬೀಳುತ್ತದೆ, ಚುಕ್ಕಿ ಹಾರುತ್ತದೆ, ಬಣ್ಣದಲ್ಲಿ ಕಾಳುಕಾಳು ಕಾಣುತ್ತದೆ. ಚಿತ್ರ ನೀಟಾಗಿ ನಿಂತು ಬಣ್ಣ ಮಾತ್ರ ಇಡೀ ಕ್ಯಾಸೆಟ್ಟಿಗೆ ಮಾಯ ಆಯ್ತು ಅಂದರೆ ಅದು ಟೇಪಿನ ವಯಸ್ಸಲ್ಲ. ಬಣ್ಣ ಟೇಪಿನಲ್ಲಿದೆ, ಓದುವವನಿಗೆ ಅದರ ಭಾಷೆ ಬರ್ತಾ ಇಲ್ಲ.

ಮೂರು ಪ್ರಶ್ನೆ. ಕ್ಯಾಸೆಟ್ ಮೇಲೆ ಇ-180 ಅಂತ ಇದೆಯಾ, ಟಿ-120 ಅಂತ ಇದೆಯಾ? ಮಾವನ ಕ್ಯಾಮೆರಾ ಎಲ್ಲಿಂದ ಬಂದದ್ದು? ರಾತ್ರಿಯ ಸೀನು ಏನಾದರೂ ಇದ್ದರೆ ಅಲ್ಲಿ ಟ್ಯೂಬ್‌ಲೈಟ್ ಹೇಗೆ ಕಾಣುತ್ತದೆ?

ಸುಮ್ನೆ ಓದುವವಳು:
ಟ್ಯೂಬ್‌ಲೈಟ್ ಕೇಳಿದ್ದು ಯಾಕೆ ಅಂತ ತಿಳಿಯುವವರೆಗೂ ನಾನು ಇಲ್ಲಿಂದ ಏಳುವುದಿಲ್ಲ.

ಅಘನಾಶಿನಿ ದಂಡೆ:
ನೋಡಿ ಬಂದೆ. ಸ್ಟುಡಿಯೋದ್ದು ಇ-180. ಮಾವನದ್ದು ಟಿ-120. ಮಾವ ಆಗ ಅಮೆರಿಕದಲ್ಲಿದ್ದ, ಮದುವೆಗೆಂದೇ ಬಂದಿದ್ದ, ಕ್ಯಾಮೆರಾ ಅಲ್ಲಿಯದ್ದೇ. ಹಿಂದಿನ ರಾತ್ರಿ ಚಪ್ಪರದಲ್ಲಿ ಊಟ ಬಡಿಸುವ ಸೀನು ಇದೆ. ಅಲ್ಲಿ ಟ್ಯೂಬ್‌ಲೈಟ್ ಪಟಪಟ ಬಡಿದುಕೊಳ್ಳುತ್ತದೆ, ನೋಡಿದರೆ ತಲೆನೋವು ಬರುವಷ್ಟು. ಕರೆಂಟಿನ ತೊಂದರೆ ಅಂದುಕೊಂಡಿದ್ದೆ.

ಶಿರಸಿ ಸೋಲ್ಡರ್:
ಮುಗೀತು, ಸಿಕ್ಕಿಬಿದ್ದ.

ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತ. ಟ್ಯೂಬ್‌ಲೈಟ್ ಅದರ ಎರಡು ಪಟ್ಟು, ಅಂದರೆ ಸೆಕೆಂಡಿಗೆ 100 ಸಲ ಹೆಚ್ಚುಕಡಿಮೆ ಆಗುತ್ತದೆ. ನಮ್ಮ ಪಾಲ್ ಕ್ಯಾಮೆರಾ ಸೆಕೆಂಡಿಗೆ 50 ಸಲ ನೋಡುತ್ತದೆ, ಪ್ರತಿ ಸಲವೂ ಲೈಟಿನ ಎರಡು ಪೂರ್ತಿ ಬಡಿತ ಸಿಗುತ್ತದೆ, ಹಾಗಾಗಿ ಬೆಳಕು ಒಂದೇ ಸಮ. ಅಮೆರಿಕದ ಕ್ಯಾಮೆರಾ ಸುಮಾರು 60 ಸಲ ನೋಡುತ್ತದೆ, ಸರಿಯಾಗಿ ಹೇಳಬೇಕೆಂದರೆ 59.94. 100ಕ್ಕೂ 60ಕ್ಕೂ ತಾಳ ಕೂಡುವುದಿಲ್ಲ. ಒಮ್ಮೆ ಹೆಚ್ಚು ಬೆಳಕು, ಒಮ್ಮೆ ಕಡಿಮೆ. ಅದೇ ನೀವು ನೋಡಿದ ಪಟಪಟ. ಕುಮಟೆಯ ಕರೆಂಟು ಆ ರಾತ್ರಿ ಸರಿಯಾಗೇ ಇತ್ತು!

ಅಂದರೆ ಮಾವನ ಕ್ಯಾಸೆಟ್ ಎನ್‌ಟಿಎಸ್‌ಸಿ. ಅದು ಅಮೆರಿಕದ ಪದ್ಧತಿ, ಚಿತ್ರಕ್ಕೆ 525 ಗೆರೆ. ನಮ್ಮದು ಪಾಲ್, 625 ಗೆರೆ, ಸೆಕೆಂಡಿಗೆ 25 ಪೂರ್ತಿ ಚಿತ್ರ. ಕ್ಯಾಪ್ಚರ್ ಡಬ್ಬಿ 625 ಗೆರೆಗೆ ಕಾಯ್ತಾ ಕೂತಿತ್ತು, 525ಕ್ಕೇ ಚಿತ್ರ ಮುಗೀತು, ಅದಕ್ಕೆ ಉರುಳಿದ್ದು.

ದೇವಿಮನೆ ತಿರುವು:
ಒಂದು ತಿದ್ದುಪಡಿ. ಟಿ-120 ಅಂತ ಇದ್ದ ಮಾತ್ರಕ್ಕೆ ಎನ್‌ಟಿಎಸ್‌ಸಿ ಆಗುವುದಿಲ್ಲ. ಟಿ, ಇ ಎಲ್ಲ ಟೇಪಿನ ಉದ್ದದ ಲೆಕ್ಕ. ಖಾಲಿ ಟೇಪು ಒಂದೇ ಜಾತಿ, ಯಾವ ಮಷಿನ್ನಿನಲ್ಲಿ ರೆಕಾರ್ಡ್ ಮಾಡಿದರೋ ಅದರ ಪದ್ಧತಿ. ಟಿ-120 ಅಮೆರಿಕದ ಮಷಿನ್ನಿನಲ್ಲಿ ಎರಡು ಗಂಟೆ. ಅದನ್ನೇ ನಮ್ಮ ಪಾಲ್ ವಿಸಿಆರ್‌ಗೆ ಹಾಕಿದರೆ ಮೂರು ಗಂಟೆಗೆ ಸ್ವಲ್ಪ ಕಡಿಮೆ ಓಡುತ್ತದೆ, ಯಾಕಂದ್ರೆ ಪಾಲ್‌ನಲ್ಲಿ ಟೇಪು ನಿಧಾನ. ಸೆಕೆಂಡಿಗೆ 23.39 ಮಿಲಿಮೀಟರ್. ಅಲ್ಲಿ 33.35. ನಮ್ಮೂರಿಗೆ ಗಲ್ಫ್‌ನಿಂದ ಬಂದ ಟಿ-120 ಎಷ್ಟೋ ಇದ್ದವು, ಎಲ್ಲದರಲ್ಲೂ ಪಾಲ್ ರೆಕಾರ್ಡಿಂಗೇ.

ಶಿರಸಿ ಸೋಲ್ಡರ್:
ಒಪ್ಪಿದೆ. ಅದಕ್ಕೇ ಮೂರು ಪ್ರಶ್ನೆ ಕೇಳಿದ್ದು, ಒಂದಲ್ಲ 🙂

ಅಘನಾಶಿನಿ ದಂಡೆ:
ಎಲ್ಲ ಸರಿ, ಎನ್‌ಟಿಎಸ್‌ಸಿ ಒತ್ತಿದ ಮೇಲೂ ಬಣ್ಣ ಯಾಕೆ ಬರಲಿಲ್ಲ? ಅದೇ ಅರ್ಥ ಆಗ್ತಿಲ್ಲ.

ಶಿರಸಿ ಸೋಲ್ಡರ್:
ಇದು ಸ್ವಲ್ಪ ಉದ್ದದ ಕತೆ. ಚಾ ಇಟ್ಟುಕೊಂಡು ಓದಿ.

ಟಿವಿ ಹುಟ್ಟಿದ್ದು ಕಪ್ಪು-ಬಿಳುಪಿನಲ್ಲಿ. ಅಮೆರಿಕದಲ್ಲಿ 1953ರಲ್ಲಿ ಬಣ್ಣದ ಪದ್ಧತಿ ಬಂದಾಗ ಜನರ ಮನೆಯಲ್ಲಿದ್ದ ಕಪ್ಪು-ಬಿಳುಪು ಟಿವಿ ಎಸೆಯಿರಿ ಅನ್ನುವ ಹಾಗಿರಲಿಲ್ಲ. ಹಾಗಾಗಿ ಬೆಳಕು-ಕತ್ತಲೆಯ ಸಿಗ್ನಲ್ಲನ್ನು ಹಾಗೇ ಬಿಟ್ಟು, ಅದರ ಮೇಲೆ ಸಣ್ಣ ಅಲೆ ಒಂದನ್ನು ಕೂರಿಸಿ ಬಣ್ಣವನ್ನು ಅದರೊಳಗೆ ಇಟ್ಟರು. ಬಣ್ಣ ತಿಳಿಯದ ಟಿವಿಗೆ ಆ ಅಲೆ ಇದ್ದದ್ದೇ ಗೊತ್ತಾಗುವುದಿಲ್ಲ. ನಮ್ಮಲ್ಲಿ ದೂರದರ್ಶನ 1982ರಲ್ಲಿ ಬಣ್ಣಕ್ಕೆ ತಿರುಗಿದಾಗಲೂ ಇದೇ ಆದದ್ದು. ಊರಲ್ಲಿ ಹೆಚ್ಚಿನವರದ್ದು ಕಪ್ಪು-ಬಿಳುಪು ಡಬ್ಬಿ, ಎಲ್ಲರಿಗೂ ಚಿತ್ರ ಬಂತು.

ಈಗ ಮುಖ್ಯ ಸಂಗತಿ. ನೀವು ಯಕ್ಷಗಾನ ನೋಡುವವರು ಅಂತ ತಿಳಿದು ಹೇಳ್ತೇನೆ. ಭಾಗವತರಿಗೆ ಹಿಂದಿನಿಂದ ಶ್ರುತಿ ಬೇಕು, ಅಲ್ವಾ? ಶ್ರುತಿ ಇದ್ದರೆ ತಾನೇ ಸ್ವರ ಎಲ್ಲಿದೆ ಅಂತ ಗೊತ್ತಾಗುವುದು. ವಿಡಿಯೋದಲ್ಲೂ ಹಾಗೇ. ಪ್ರತಿ ಗೆರೆ ಶುರುವಾಗುವ ಮುಂಚೆ, ಪರದೆಯಲ್ಲಿ ಕಾಣದ ಜಾಗದಲ್ಲಿ, ಒಂದು ಸಣ್ಣ ಶ್ರುತಿ ಕೊಡುತ್ತಾರೆ. ಅದಕ್ಕೆ ಬರ್ಸ್ಟ್ ಅಂತ ಹೆಸರು. ಟಿವಿ ಆ ಶ್ರುತಿಗೆ ತನ್ನ ಶ್ರುತಿ ಕೂಡಿಸಿಕೊಳ್ಳುತ್ತದೆ. ಆಮೇಲೆ ಬರುವ ಅಲೆ ಶ್ರುತಿಗಿಂತ ಎಷ್ಟು ಹಿಂದೆಮುಂದೆ ಇದೆ ಎಂಬುದರಿಂದ ಯಾವ ಬಣ್ಣ ಅಂತ ತಿಳಿಯುತ್ತದೆ, ಅಲೆ ಎಷ್ಟು ಎತ್ತರ ಎಂಬುದರಿಂದ ಬಣ್ಣ ಎಷ್ಟು ಗಾಢ ಅಂತ.

ನಮ್ಮ ಪಾಲ್‌ನಲ್ಲಿ ಈ ಶ್ರುತಿ 4.43 ಮೆಗಾಹರ್ಟ್ಸ್. ಅಮೆರಿಕದಲ್ಲಿ 3.58. ದುಬೈ ಕಡೆಯಿಂದ ಬಂದ, ಹಲವು ಪದ್ಧತಿಯ ಟೇಪು ಓಡಿಸುವ ಮಲ್ಟಿ ಸಿಸ್ಟಮ್ ವಿಸಿಆರ್‌ಗಳು ಒಂದು ಉಪಾಯ ಮಾಡುತ್ತಿದ್ದವು. ಎನ್‌ಟಿಎಸ್‌ಸಿ ಟೇಪು ಓಡಿಸುವಾಗ ಗೆರೆ 525 ಇಟ್ಟುಕೊಂಡು, ಬಣ್ಣವನ್ನು ಮಾತ್ರ 4.43ಕ್ಕೆ ಏರಿಸಿ ಕೊಡುತ್ತಿದ್ದವು. ಅಲ್ಲಿಯ ಮಲ್ಟಿ ಸಿಸ್ಟಮ್ ಟಿವಿಗಳಿಗೆ ಅದು ಸರಿಹೋಗುತ್ತಿತ್ತು. ನಿಮ್ಮ ಕ್ಯಾಪ್ಚರ್ ಡಬ್ಬಿ ಮಾತ್ರ 525 ಗೆರೆ ನೋಡಿ, ಓಹೋ ಅಮೆರಿಕದ್ದು ಅಂತ 3.58ರ ಶ್ರುತಿಗೆ ಕಿವಿ ಕೊಟ್ಟು ಕೂತಿದೆ. ಬಂದದ್ದು 4.43. ಶ್ರುತಿ ಕೂಡದಿದ್ದರೆ ಕಚಡಾ ಬಣ್ಣ ತೋರಿಸುವುದಕ್ಕಿಂತ ಬಣ್ಣವೇ ಬೇಡ ಅಂತ ಮುಚ್ಚಿಬಿಡುವ ಸರ್ಕಿಟ್ ಎಲ್ಲದರಲ್ಲೂ ಇರುತ್ತದೆ, ಕಲರ್ ಕಿಲ್ಲರ್. ನಿಮ್ಮ ಬಣ್ಣ ತಿಂದದ್ದು ಅದೇ.

ವಿಸಿಆರ್‌ನ ಹಿಂಭಾಗ ಅಥವಾ ಮುಂದಿನ ಮುಚ್ಚಳದೊಳಗೆ ಒಂದು ಸಣ್ಣ ಜಾರುವ ಸ್ವಿಚ್ ಇದೆಯಾ ನೋಡಿ. 3.58, 4.43 ಅಂತ ಬರೆದಿರಬಹುದು.

ಸುಮ್ನೆ ಓದುವವಳು:
ಶ್ರುತಿ ಅಂದ ಕೂಡಲೇ ತಲೆಗೆ ಹೋಯ್ತು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಇದನ್ನೇ ಓದಿ ಪಾಸೂ ಆಗಿದ್ದೆ, ಏನೂ ತಿಳಿದಿರಲಿಲ್ಲ.

ಭಟ್ಕಳ ಟು ದುಬೈ:
ನಮ್ಮಲ್ಲಿ ರಜೆಗೆ ಬಂದವರ ಮನೆ ಗೊತ್ತಾಗುತ್ತಿದ್ದದ್ದೇ ವಿಸಿಆರ್ ಡಬ್ಬಿಯಿಂದ. ಖಾಲಿ ಡಬ್ಬಿಯನ್ನೂ ಎಸೆಯುತ್ತಿರಲಿಲ್ಲ, ಕಪಾಟಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಡುವುದು 😄 ಮಲ್ಟಿ ಸಿಸ್ಟಮ್ ಬೇಕೇ ಬೇಕಿತ್ತು. ದುಬೈ, ಒಮಾನ್ ಪಾಲ್. ಸೌದಿ ಕಡೆ ಸೆಕಾಮ್, ಅದು ಫ್ರಾನ್ಸಿನ ಪದ್ಧತಿ. ಸೌದಿಯಿಂದ ಬಂದ ಕ್ಯಾಸೆಟ್ ದುಬೈ ಟಿವಿಯಲ್ಲಿ ಬಣ್ಣ ಬಾರದೆ ಎರಡು ಮನೆಯವರ ನಡುವೆ ಮಾತು ಬಿಟ್ಟದ್ದೂ ಉಂಟು.

ಕೋಡಿಬಾಗದವ:
ಎನ್‌ಟಿಎಸ್‌ಸಿಯಲ್ಲಿ 30 ಫ್ರೇಮ್, ನಮ್ಮದು 25. ಅಮೆರಿಕದ್ದೇ ಒಳ್ಳೇದು ಅಂತಾಯ್ತಲ್ಲ.

ದೇವಿಮನೆ ತಿರುವು:
ಹಾಗೇನಿಲ್ಲ. ಫ್ರೇಮ್ ಜಾಸ್ತಿ, ಗೆರೆ ಕಡಿಮೆ. ಪರದೆಯಲ್ಲಿ ಕಾಣುವ ಗೆರೆ ಅಲ್ಲಿ 480ರ ಹತ್ತಿರ, ನಮ್ಮಲ್ಲಿ 576. ಅದರ ಮೇಲೆ ಎನ್‌ಟಿಎಸ್‌ಸಿಯಲ್ಲಿ ದಾರಿಯಲ್ಲಿ ಬರುವಾಗ ಅಲೆ ಸ್ವಲ್ಪ ಹಿಂದೆಮುಂದೆ ಆದರೂ ಮುಖ ಹಸಿರಾಗುತ್ತಿತ್ತು. ಅದಕ್ಕೇ ಅಲ್ಲಿಯ ಟಿವಿಗೆ ಟಿಂಟ್ ಅಂತ ಬೇರೆ ಗುಬ್ಬಿ ಇಟ್ಟಿದ್ದರು. ನೆವರ್ ಟ್ವೈಸ್ ದ ಸೇಮ್ ಕಲರ್ ಅಂತ ಅದರ ಅಡ್ಡಹೆಸರು. ಜರ್ಮನಿಯ ಟೆಲಿಫುಂಕೆನ್‌ನ ವಾಲ್ಟರ್ ಬ್ರೂಖ್ 1960ರ ದಶಕದ ಮೊದಲಲ್ಲಿ ಪಾಲ್ ಮಾಡಿದ್ದು ಈ ತೊಂದರೆಗೇ. ಒಂದು ಗೆರೆಯಲ್ಲಿ ಬಣ್ಣದ ಒಂದು ಭಾಗವನ್ನು ನೆಟ್ಟಗೆ, ಮುಂದಿನ ಗೆರೆಯಲ್ಲಿ ತಲೆಕೆಳಗೆ ಕಳಿಸುವುದು. ಒಂದು ಗೆರೆ ಬಲಕ್ಕೆ ತಪ್ಪಿದರೆ ಇನ್ನೊಂದು ಎಡಕ್ಕೆ ತಪ್ಪುತ್ತದೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ತಪ್ಪಿಗೆ ತಪ್ಪು ವಜಾ. ಬಣ್ಣ ಒಂದು ಚೂರು ತಿಳಿಯಾಗಬಹುದು, ಬೇರೆ ಆಗುವುದಿಲ್ಲ.

ಎರಡನೇ ಆಟ:
ಯಕ್ಷಗಾನ ಅಂದದ್ದಕ್ಕೆ ಕೇಳ್ತೇನೆ. ಅಪ್ಪಯ್ಯ 90ರ ದಶಕದಲ್ಲಿ ಹೊನ್ನಾವರ ಸುತ್ತಮುತ್ತ ಆಟ ರೆಕಾರ್ಡ್ ಮಾಡಿಸಿದ ಹದಿನೈದು ಕ್ಯಾಸೆಟ್ ಇದೆ. ಬೆಳಗಿನವರೆಗಿನ ಆಟ, ಒಂದು ಆಟಕ್ಕೆ ಮೂರು ಇ-180 ಬೇಕಾಗುತ್ತಿತ್ತು. ಕ್ಯಾಸೆಟ್ ಬದಲಿಸುವಾಗ ತಪ್ಪಿಹೋದ ಪದ್ಯಕ್ಕಾಗಿ ಅಪ್ಪಯ್ಯ ಇವತ್ತಿಗೂ ಬೈಯ್ತಾರೆ. ಅದಿರಲಿ. ಅದರಲ್ಲಿ ಕೆಂಪು ವೇಷ ಬಂದರೆ ಕೆಂಪು ಬಣ್ಣ ಮೈಯಿಂದ ಹೊರಗೆ ಚೆಲ್ಲಿದ ಹಾಗೆ, ಬಲಗಡೆಗೆ ಸೋರಿದ ಹಾಗೆ ಕಾಣುತ್ತದೆ. ಕಿರೀಟದ ಗೆರೆಯೆಲ್ಲ ಸರಿ ಇದೆ, ಬಣ್ಣ ಮಾತ್ರ ಗೆರೆ ದಾಟುತ್ತದೆ. ಇದು ಟೇಪು ಹಾಳಾದದ್ದಾ?

ಶಿರಸಿ ಸೋಲ್ಡರ್:
ಹಾಳಾದದ್ದಲ್ಲ, ವಿಎಚ್‌ಎಸ್ ಇರುವುದೇ ಹಾಗೆ. 4.43ರ ಅಲೆಯನ್ನು ಅರ್ಧ ಇಂಚಿನ ಆ ಟೇಪಿನ ಮೇಲೆ ನೇರ ಬರೆಯಲಿಕ್ಕೆ ಆಗುವುದಿಲ್ಲ. ಹಾಗಾಗಿ ವಿಸಿಆರ್ ಬಣ್ಣವನ್ನು ಸುಮಾರು 627 ಕಿಲೋಹರ್ಟ್ಸ್‌ಗೆ ಇಳಿಸಿ, ಬೆಳಕಿನ ಸಿಗ್ನಲ್ಲಿನ ಕೆಳಗೆ ಒತ್ತಿ ಇಡುತ್ತದೆ. ಓಡಿಸುವಾಗ ಮತ್ತೆ ಮೇಲಕ್ಕೆ ಎತ್ತುತ್ತದೆ. ಅಷ್ಟು ಇಕ್ಕಟ್ಟಿನಲ್ಲಿ ಬಣ್ಣದ ಸೂಕ್ಷ್ಮವೆಲ್ಲ ಹೋಗುತ್ತದೆ. ಬೆಳಕು-ಕತ್ತಲೆಗೆ ಅಡ್ಡಕ್ಕೆ 240 ಗೆರೆಯಷ್ಟು ಸ್ಪಷ್ಟತೆ ಸಿಕ್ಕರೆ ಬಣ್ಣಕ್ಕೆ ಅದರಲ್ಲಿ ಆರನೇ ಒಂದು ಪಾಲು. ತೆಳು ಕಡ್ಡಿಯಲ್ಲಿ ಗೆರೆ ಎಳೆದು ದಪ್ಪ ಬ್ರಶ್ಶಿನಲ್ಲಿ ಬಣ್ಣ ತುಂಬಿದ ಹಾಗೆ. ಕೆಂಪು ಗಾಢ ಆದದ್ದರಿಂದ ಎದ್ದು ಕಾಣುತ್ತದೆ. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಕಾಪಿ ಹೊಡೆದದ್ದಾದರೆ ಸೋರುವುದು ಇನ್ನೂ ಜಾಸ್ತಿ.

ಎರಡನೇ ಆಟ:
ಕಾಪಿಯ ಕಾಪಿ ಇರಬೇಕು. ಅಸಲು ಯಾರೋ ಒಯ್ದವರು ಕೊಡಲಿಲ್ಲ. ನಾಲ್ಕು ಕ್ಯಾಸೆಟ್ಟಿನ ಕಿಂಡಿಯಲ್ಲಿ ಟೇಪಿನ ಅಂಚಿಗೆ ಬಿಳಿ ಹುಡಿ ಕಾಣ್ತದೆ, ಅದನ್ನೂ ಹಾಕಿ ನೋಡಲಾ?

ದೇವಿಮನೆ ತಿರುವು:
ಹಾಕಬೇಡಿ!! ಅದು ಬೂಷ್ಟು. ಒಮ್ಮೆ ಹಾಕಿದಿರೋ ಟೇಪು ಓದುವ ಹೆಡ್ಡಿಗೆ ಅಂಟಿ, ಅಲ್ಲಿಂದ ಒಳ್ಳೇ ಕ್ಯಾಸೆಟ್ಟಿಗೂ ಹರಡುತ್ತದೆ. ನಮ್ಮ ಕರಾವಳಿ ಮಳೆಗಾಲಕ್ಕೆ ಚಪ್ಪಲಿ, ಬೆಲ್ಟು, ಕನ್ನಡಕದ ಡಬ್ಬಿ ಯಾವುದನ್ನೂ ಬಿಡದ ಬೂಷ್ಟು ಟೇಪನ್ನು ಬಿಡ್ತದಾ. ಆ ನಾಲ್ಕನ್ನು ಬೇರೆ ಚೀಲದಲ್ಲಿ ಕಟ್ಟಿಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ, ಒಣ ಹವೆಯ ದಿನ ಬಿಚ್ಚಿ ಶುಚಿ ಮಾಡಬೇಕು. ಇದಕ್ಕೆ ಡಿಸೆಂಬರ್, ಜನವರಿಯೇ ಸರಿ, ಈಗ ಕೈ ಹಾಕಬೇಡಿ.

ಶಿರಸಿ ಸೋಲ್ಡರ್:
ಇದರ ಜೊತೆ ಒಂದು ಮಾತು. ಹೆಡ್ ಕ್ಲೀನ್ ಮಾಡ್ತೇನೆ ಅಂತ ಕಿವಿಗೆ ಹಾಕುವ ಹತ್ತಿಕಡ್ಡಿ ತೆಗೆದುಕೊಂಡು ಹೋಗಬೇಡಿ. ಒಳಗೆ ತಿರುಗುವ ಡ್ರಮ್ಮಿನ ಹೆಡ್ ಅಂದರೆ ಕೂದಲಿನಷ್ಟು ಹೊರಗೆ ಚಾಚಿದ ಒಂದು ಚೂರು. ಅದಕ್ಕೆ ಹತ್ತಿಯ ಎಳೆ ಸಿಕ್ಕಿತೋ, ಮುರಿಯಿತು. ಎಳೆ ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಡ್ರಮ್ಮಿಗೆ ಒತ್ತಿ ಹಿಡಿದು, ಡ್ರಮ್ಮನ್ನು ಕೈಯಲ್ಲಿ ನಿಧಾನ ತಿರುಗಿಸಿ. ಬಟ್ಟೆಯನ್ನು ಮೇಲೆ ಕೆಳಗೆ ಉಜ್ಜಲೇ ಬಾರದು. ನಾನು ಕಲಿಯುವಾಗ ಗಿರಾಕಿಯ ವಿಸಿಆರ್‌ನಲ್ಲಿ ಹಾಗೆ ಉಜ್ಜಿ ಒಂದು ತಿಂಗಳ ಸಂಬಳ ಕಳೆದುಕೊಂಡಿದ್ದೇನೆ.

ಬಸಳೆ ಚಪ್ಪರ:
ವಿಷಯ ಬೇರೆ, ಬೈಯಬೇಡಿ. ಅಂಕೋಲೆಯ ನಮ್ಮ ಮನೆಯಲ್ಲಿ ಆಂಟೆನಾ ಇದ್ದಾಗ, ಏಪ್ರಿಲ್-ಮೇ ರಾತ್ರಿಗಳಲ್ಲಿ ಒಮ್ಮೊಮ್ಮೆ ನಮ್ಮ ಟಿವಿಯಲ್ಲಿ ಅರಬ್ಬಿ ಅಕ್ಷರ ಬರುತ್ತಿತ್ತು. ವಾರ್ತೆ ಓದುವವರು ಬಿಳಿ ನಿಲುವಂಗಿಯಲ್ಲಿ. ದನಿಯೂ ಬರುತ್ತಿತ್ತು. ಅಜ್ಜ ಕೇಳಿದರೆ "ಸಮುದ್ರದ ಆಚೆಯದ್ದು ಕಾಣ್ತದೆ" ಅನ್ನುತ್ತಿದ್ದ. ಹೇಳಿದರೆ ಈಗ ಮಕ್ಕಳು ನಗ್ತಾರೆ. ನಿಜವಾಗಿ ಹಾಗೆ ಆಗ್ತದಾ?

ಕೋಡಿಬಾಗದವ:
ನಗುವವರು ನಗಲಿ, ನಾನೂ ನೋಡಿದ್ದೇನೆ. ಕಾರವಾರದಲ್ಲಿ ಗಾಳಿ ಇಲ್ಲದ ಸೆಖೆಯ ರಾತ್ರಿ. ಬೆಳಗಾದರೆ ಮಾಯ.

ದೇವಿಮನೆ ತಿರುವು:
ಸ್ಪೊರಾಡಿಕ್ ಇ. ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲಿ ಅಯಾನು ಪದರ ದಟ್ಟವಾದಾಗ ಟಿವಿ ಅಲೆ ಅದಕ್ಕೆ ತಾಗಿ ಕೆಳಗೆ ಬರುತ್ತದೆ. ಒಂದು ನೆಗೆತಕ್ಕೆ ಎರಡು ಸಾವಿರ ಕಿಲೋಮೀಟರ್‌ವರೆಗೂ ಹೋಗುತ್ತದೆ.

ಶಿರಸಿ ಸೋಲ್ಡರ್:
ನನಗೆ ಹಾಗೆ ಅನ್ನಿಸುವುದಿಲ್ಲ. ಗಾಳಿ ಇಲ್ಲದ ಸೆಖೆಯ ರಾತ್ರಿ ಅಂದರಲ್ಲ, ಅದು ಸಮುದ್ರದ ಮೇಲಿನ ಡಕ್ಟ್. ನೀರಿಗೆ ತಾಗಿದ ಗಾಳಿ ತೇವ, ತಂಪು. ಅದರ ಮೇಲೆ ಒಣ ಬಿಸಿ ಗಾಳಿಯ ಹೊದಿಕೆ. ಅಲೆ ಈ ಎರಡರ ನಡುವೆ ಸಿಕ್ಕಿ, ಕೊಳವೆಯೊಳಗೆ ಹೋದ ಹಾಗೆ ಸಾಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮುಂಬೈ ಕಡೆಯ 200 ಮೆಗಾಹರ್ಟ್ಸ್ ರೇಡಾರಿಗೆ ಅರೇಬಿಯಾದ ತೀರವೇ ಕಂಡಿತ್ತು. ಅದೂ ಇದೇ ಡಕ್ಟ್.

ದೇವಿಮನೆ ತಿರುವು:
ಏಪ್ರಿಲ್-ಮೇ ಅಂದರೆ ಎರಡೂ ಆಗಬಹುದು. ಚಾನೆಲ್ ನಂಬರ್ ತಿಳಿಯದೆ ಜಗಳ ಮಾಡಿ ಫಲ ಇಲ್ಲ. ಚಾನೆಲ್ 4 ಅಥವಾ ಅದಕ್ಕಿಂತ ಕೆಳಗಾದರೆ ನಾನು ಹೇಳಿದ್ದು, 5ರಿಂದ 12 ಆದರೆ ನೀವು ಹೇಳಿದ್ದು.

ಶಿರಸಿ ಸೋಲ್ಡರ್:
ನಂಬರ್ ನೆನಪಿಲ್ಲದಿದ್ದರೆ ಆಂಟೆನಾ ನೆನಪಿರಬೇಕಲ್ಲ. ಕಡ್ಡಿ ಆಳಿಗಿಂತ ಉದ್ದ ಇತ್ತಾ, ಕೈಯಷ್ಟು ಇತ್ತಾ? ಕಡ್ಡಿಯ ಉದ್ದ ಅಲೆಯ ಅರ್ಧ. ಕೆಳಗಿನ ಬ್ಯಾಂಡಿಗೆ ಎರಡು ಮೀಟರ್‌ಗಿಂತ ಜಾಸ್ತಿ ಬೇಕು, ಮೇಲಿನದ್ದಕ್ಕೆ ಮುಕ್ಕಾಲು ಮೀಟರ್ ಸಾಕು.

ಬಸಳೆ ಚಪ್ಪರ:
ನೆನಪು ಯಾಕೆ, ಆಂಟೆನಾವೇ ಇದೆ! ಹಿತ್ತಿಲಲ್ಲಿ ಬಸಳೆ ಬಳ್ಳಿ ಹಬ್ಬಿಸಲಿಕ್ಕೆ ಹಾಕಿದ್ದೇವೆ. ಈಗಷ್ಟೇ ಟೇಪು ಹಿಡಿದು ಅಳೆದು ಬಂದೆ. ವಯರ್ ಕಟ್ಟುವ ಮಡಚಿದ ಕಡ್ಡಿ 72 ಸೆಂಟಿಮೀಟರ್. ಉಪ್ಪುಗಾಳಿಗೆ ಸ್ಕ್ರೂ ಪೂರ್ತಿ ತಿಂದುಹೋಗಿದೆ, ಅಲ್ಯೂಮಿನಿಯಂ ಗಟ್ಟಿ ಇದೆ.

ಶಿರಸಿ ಸೋಲ್ಡರ್:
ಡಕ್ಟ್. ಇನ್ನೊಂದು ಸಂಗತಿ ನೋಡಿ, ಆಚೆ ದಡದವರದ್ದೂ 625 ಗೆರೆ, ಚಿತ್ರಕ್ಕೂ ದನಿಗೂ ಅದೇ 5.5 ಮೆಗಾಹರ್ಟ್ಸ್ ಅಂತರ. ಅದಕ್ಕೇ ನಿಮ್ಮ ಟಿವಿಯಲ್ಲಿ ಚಿತ್ರ ಉರುಳದೆ ನಿಂತದ್ದು, ದನಿಯೂ ಕೂಡಿದ್ದು. ಅಜ್ಜನ ಮಾತು ಅಕ್ಷರಶಃ ಸರಿ.

ದೇವಿಮನೆ ತಿರುವು:
ಬಸಳೆ ಚಪ್ಪರದ ಮುಂದೆ ಸೋತೆ, ಒಪ್ಪಿದೆ.

ಕೋಡಿಬಾಗದವ:
ನಮ್ಮನೆ ಟಿವಿಯಲ್ಲಿ ಒಬ್ಬರ ಹಿಂದೆ ಇನ್ನೊಬ್ಬರು ನಿಂತ ಹಾಗೆ ನೆರಳು ಬರುತ್ತಿತ್ತಲ್ಲ, ಅದೂ ಗಾಳಿಯಿಂದಲಾ?

ಶಿರಸಿ ಸೋಲ್ಡರ್:
ಅದು ನಿಮ್ಮ ಹಿಂದಿನ ಗುಡ್ಡ. ಅಲೆ ನೇರ ಬಂದದ್ದು ಒಂದು, ಗುಡ್ಡಕ್ಕೆ ಬಡಿದು ತಡವಾಗಿ ಬಂದದ್ದು ಇನ್ನೊಂದು. ನೆರಳು ಎಷ್ಟು ದೂರ ಇತ್ತು ಅಂತ ನೆನಪಿದ್ದರೆ ಗುಡ್ಡವನ್ನೇ ಅಳೆಯಬಹುದು. ಪರದೆಯ ಎಡದಿಂದ ಬಲಕ್ಕೆ ಒಂದು ಗೆರೆ ಎಳೆಯಲು 52 ಮೈಕ್ರೋಸೆಕೆಂಡು. 20 ಇಂಚಿನ ಟಿವಿಯ ಅಗಲ 40 ಸೆಂಟಿಮೀಟರ್. ನೆರಳು 3 ಸೆಂಟಿಮೀಟರ್ ಪಕ್ಕಕ್ಕಿದ್ದರೆ ಸುಮಾರು 4 ಮೈಕ್ರೋಸೆಕೆಂಡು ತಡ. ಅಷ್ಟರಲ್ಲಿ ಅಲೆ 1200 ಮೀಟರ್ ಹೋಗುತ್ತದೆ. ಅಂದರೆ ಅಷ್ಟು ಸುತ್ತು ಹಾಕಿ ಬಂದಿದೆ. ಟವರ್ ಒಂದು ದಿಕ್ಕಿಗೆ, ಗುಡ್ಡ ಅದರ ಎದುರು ದಿಕ್ಕಿಗೆ ಇದ್ದರೆ ಗುಡ್ಡ ನಿಮ್ಮ ಮನೆಯಿಂದ 600 ಮೀಟರ್.

ಕೋಡಿಬಾಗದವ:
ಅಣ್ಣ ಪ್ರತಿ ಭಾನುವಾರ ಹಂಚಿನ ಮೇಲೆ ಹತ್ತಿ "ಬಂತಾ?" ಅಂತ ಕೂಗುವುದು, ನಾವು ಒಳಗಿಂದ "ಇಲ್ಲಾ" ಅನ್ನುವುದು. ನಾಲ್ಕು ಹಂಚು ಒಡೆದದ್ದು ಆ ಗುಡ್ಡದ ಲೆಕ್ಕಕ್ಕೆ ಬರೆಯಬೇಕಾಯ್ತು.

ಅಘನಾಶಿನಿ ದಂಡೆ:
ಬಂತು! ಬಣ್ಣ ಬಂತು!

ವಿಸಿಆರ್ ಹಿಂದೆ ಧೂಳಿನಡಿ ಸ್ವಿಚ್ ಇತ್ತು. 4.43ರಲ್ಲಿತ್ತು, ಉಗುರಿನಲ್ಲಿ 3.58ಕ್ಕೆ ಜಾರಿಸಿದೆ, ಒಂದು ಕ್ಷಣ ಪರದೆ ಕಪ್ಪಾಯಿತು, ಆಮೇಲೆ ಇಡೀ ಚಪ್ಪರ ಬಣ್ಣದಲ್ಲಿ ಎದ್ದು ಬಂತು. ಮಾವಿನ ತೋರಣ, ಹಾಲ್ಗೆನ್ನೆಯ ನಾನು, ಅಪ್ಪೆಹುಳಿ ಬಡಿಸುತ್ತಿರುವ ದೊಡ್ಡಪ್ಪ. ಆಯಿಯನ್ನು ಕರೆದು ಕೂರಿಸಿದೆ. ಅವಳು ಮದುಮಗಳನ್ನು ನೋಡಲೇ ಇಲ್ಲ, ಹಿಂದೆ ನಿಂತಿದ್ದ ತನ್ನ ಅಮ್ಮನನ್ನೇ ನೋಡ್ತಾ ಕೂತಳು.

ಎರಡು ಪ್ರಶ್ನೆ ಉಳಿದವು. ಅಕ್ಷತೆ ಹಾಕುವಾಗ ಪ್ರತಿ ಕಾಳಿಗೂ, ಕೈಗೂ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಬರುತ್ತದೆ. ಇನ್ನೊಂದು, ಅಕ್ಕ ವಿಡಿಯೋ ನೋಡಿ ಜಗಳ ತೆಗೆದಿದ್ದಾಳೆ. ಧಾರೆ ಸೀರೆ ನೇರಳೆ ಬಣ್ಣದ್ದಂತೆ, ಇಲ್ಲಿ ನೀಲಿ ಕಾಣುತ್ತದೆ.

ದೇವಿಮನೆ ತಿರುವು:
ಬಾಚಣಿಗೆ ದೋಷ ಅಲ್ಲ. ಒಂದು ಚಿತ್ರ ಅಂದರೆ ಎರಡು ಅರ್ಧ. ಮೊದಲು ಒಂದು ಬಿಟ್ಟು ಒಂದು ಗೆರೆ, ಆಮೇಲೆ ಉಳಿದ ಗೆರೆ. ಆ ನಡುವೆ ಅಕ್ಷತೆ ಕೆಳಗೆ ಬಿದ್ದಿರುತ್ತದೆ. ಹಳೇ ಟಿವಿ ಎರಡನ್ನೂ ಬೇರೆಬೇರೆ ಹೊತ್ತಿಗೆ ತೋರಿಸುತ್ತಿತ್ತು, ಲ್ಯಾಪ್‌ಟಾಪ್ ಒಟ್ಟಿಗೆ ತೋರಿಸುತ್ತದೆ. ಡಿಇಂಟರ್‌ಲೇಸ್ (ಈ ಅರ್ಧಗಳನ್ನು ಬಿಡಿಸುವುದು) ಮಾಡುವಾಗ ಒಂದೊಂದು ಅರ್ಧಕ್ಕೂ ಒಂದು ಫ್ರೇಮ್ ಕೇಳಿ. ಸ್ಟುಡಿಯೋ ಕ್ಯಾಸೆಟ್ 50 ಆಗುತ್ತದೆ, ಮಾವನದ್ದು 59.94. ಅಸಲು ಫೈಲನ್ನು ಮಾತ್ರ ಹಾಗೇ ಇಟ್ಟುಕೊಳ್ಳಿ.

ಸೀರೆಗೆ ಟಿಂಟ್ ಗುಬ್ಬಿ. ಹೇಳಿದ್ದೆನಲ್ಲ, ಎನ್‌ಟಿಎಸ್‌ಸಿ.

ಶಿರಸಿ ಸೋಲ್ಡರ್:
ತಡೀರಿ, ಎಲ್ಲದಕ್ಕೂ ಎನ್‌ಟಿಎಸ್‌ಸಿಯನ್ನು ಬೈಯಬೇಡಿ. ಟಿಂಟ್ ತಪ್ಪಿದ್ದರೆ ಮುಖವೂ ಕೆಟ್ಟಿರಬೇಕು. ಮಾವಿನ ಎಲೆ ಹಸಿರಾಗಿದೆಯಾ, ಮುಖ ಸರಿ ಇದೆಯಾ? ಸರಿ ಇದ್ದರೆ ಕ್ಯಾಮೆರಾಕ್ಕೇ ನೇರಳೆ ತಿಳಿದಿಲ್ಲ. ಅದಕ್ಕೆ ಯಾವ ಗುಬ್ಬಿಯೂ ಇಲ್ಲ.

ಅಘನಾಶಿನಿ ದಂಡೆ:
ಎಲೆ ಹಸಿರೇ. ಮುಖವೂ ಸರಿ. ಸೀರೆ ಅಕ್ಕನ ಹತ್ತಿರ ಬೆಂಗಳೂರಲ್ಲಿದೆ. ಫೋಟೋ ತೆಗೆದು ಕಳಿಸು ಅಂದೆ, ಈಗಷ್ಟೇ ಕಳಿಸಿದಳು.

ಫೋನಿನಲ್ಲೂ ನೀಲಿಯೇ ಕಾಣ್ತದೆ 🙁 ಆದರೆ ಅವಳು "ಬಂದು ನೋಡು, ನೇರಳೆ" ಅಂತಿದ್ದಾಳೆ.

ಸುಮ್ನೆ ಓದುವವಳು:
ಅಕ್ಕ ಹೇಳಿದ್ದೇ ಸರಿ. ನೇರಳೆ ರೇಷ್ಮೆ ನನ್ನ ಫೋನಿನಲ್ಲೂ ನೀಲಿ ಬರ್ತದೆ. ಎರಡನೇ ಆಟದವರೇ, ಆ ಹದಿನೈದರಲ್ಲಿ ಒಳ್ಳೇದಿರುವ ಹನ್ನೊಂದನ್ನಾದರೂ ಮಳೆ ಹಿಡಿಯುವ ಮುಂಚೆ ಶುರು ಮಾಡಿ, ಯಾವ ಪ್ರಸಂಗ ಅಂತ ಹೇಳಲೇ ಇಲ್ಲ ನೀವು.